ಮಜ್ಜಿಗೆ ಹುಳಿಯಾಗಿದೆಯೋ, ಕೆಟ್ಟಿದೆಯೋ? ಎತ್ತಿಡುವ ಕ್ರಮ, ಗುರುತಿಸುವ ಬಗೆ

ಬೇಸಿಗೆ ಶುರುವಾಯಿತೆಂದರೆ ಓದುಗರ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತವೆ. ನಿನ್ನೆಯ ಮಜ್ಜಿಗೆ ಇವತ್ತು ಕುಡಿಯಬಹುದಾ? ಮೇಲೆ ನೀರು ನಿಂತಿದೆ, ಕೆಟ್ಟಿದೆಯಾ? ಬೆಣ್ಣೆ ತೆಗೆದ ಮಜ್ಜಿಗೆ ಯಾಕೆ ಕಹಿ? ಲಸ್ಸಿ ಬಾಟಲಿಯ ಮುಚ್ಚಳ ತಿರುಗಿಸಿದರೆ ಸೋಡಾದ ಹಾಗೆ ಬುಸ್ಸೆಂದಿತು, ಏನು ಮಾಡಲಿ? ಎಲ್ಲಕ್ಕೂ ಬೇರು ಒಂದೇ ಕಡೆ ಇದೆ: ಹುಳಿಯಾಗುವುದು ಬೇರೆ, ಕೆಡುವುದು ಬೇರೆ. ಇದು ಗೊತ್ತಿಲ್ಲದೆ ಕೆಲವರು ಒಳ್ಳೆಯ ಹುಳಿ ಮಜ್ಜಿಗೆಯನ್ನು ಮೋರಿಗೆ ಚೆಲ್ಲುತ್ತಾರೆ, ಇನ್ನು ಕೆಲವರು ನಿಜಕ್ಕೂ ಕೆಟ್ಟದ್ದನ್ನು "ಸ್ವಲ್ಪ ಹುಳಿ ಅಷ್ಟೇ" ಎಂದು ಕುದಿಸಿ ಬಡಿಸುತ್ತಾರೆ.

ಹುಳಿ ಏನು ಕಾಯುತ್ತದೆ, ಏನು ಕಾಯುವುದಿಲ್ಲ

ಪಿಎಚ್ ಎನ್ನುವುದು ಹುಳಿಯನ್ನು ಅಳೆಯುವ ಅಂಕಿ. ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಹಾಲಿನ ಪಿಎಚ್ ಸುಮಾರು 6.6. ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ. ಪಿಎಚ್ 4.6ರ ಸುಮಾರಿಗೆ ಇಳಿದಾಗ ಹಾಲಿನ ಮುಖ್ಯ ಪ್ರೋಟೀನಾದ ಕೇಸಿನ್ ಗಟ್ಟಿಯಾಗಿ ಮೊಸರು ಕೂರುತ್ತದೆ. ಚೆನ್ನಾಗಿ ಕೂತ ಮೊಸರಿನದು ಸಾಮಾನ್ಯವಾಗಿ 4.0ರಿಂದ 4.6. ರೋಗ ತರುವ ಬಹುತೇಕ ಬ್ಯಾಕ್ಟೀರಿಯಾಗಳು ಈ ಹುಳಿಯಲ್ಲಿ ಬೆಳೆಯಲಾರವು. ಫ್ರಿಜ್ ಇಲ್ಲದ ಕಾಲದಲ್ಲೂ ಹಾಲಿಗಿಂತ ಮೊಸರು ಹೆಚ್ಚು ಹೊತ್ತು ಬಾಳುತ್ತಿದ್ದುದಕ್ಕೆ ಕಾರಣ ಇದೇ.

ಆದರೆ ಬೆಳೆಯದಿರುವುದು ಬೇರೆ, ಸಾಯುವುದು ಬೇರೆ. ಇ. ಕೊಲಿಯ ಕೆಲವು ತಳಿಗಳು ಹುಳಿಯಲ್ಲೂ ದಿನಗಟ್ಟಲೆ ಜೀವ ಹಿಡಿದುಕೊಂಡಿರಬಲ್ಲವು. ಯೀಸ್ಟ್‌ಗೂ ಬೂಷ್ಟಿಗೂ ಹುಳಿ ಲೆಕ್ಕಕ್ಕೇ ಇಲ್ಲ, ಅವು ಅದರಲ್ಲಿ ಆರಾಮವಾಗಿ ಬೆಳೆಯುತ್ತವೆ. ಇನ್ನೊಂದು ಮಾತು: ಮೊಸರಿಗೆ ಮೂರು ಪಟ್ಟು ನೀರು ಹಾಕಿದಾಗ ಆ ಆಮ್ಲವೂ ತೆಳುವಾಗುತ್ತದೆ, ನೀರಿನಲ್ಲಿದ್ದದ್ದು, ಕೈಯಲ್ಲಿದ್ದದ್ದು, ಕೊತ್ತಂಬರಿಯಲ್ಲಿದ್ದದ್ದೆಲ್ಲ ಒಳಗೆ ಬರುತ್ತದೆ. ಹಾಗಾಗಿ ಮೊಸರಿಗಿಂತ ಮಜ್ಜಿಗೆ ಬೇಗ ಕೆಡುತ್ತದೆ, ಮಜ್ಜಿಗೆಗಿಂತ ಮಸಾಲೆ ಮಜ್ಜಿಗೆ ಇನ್ನೂ ಬೇಗ.

ಬೇಕಾಗುವ ಸಾಮಾನು

ಅಗಲ ಬಾಯಿಯ ಗಾಜಿನ ಭರಣಿ ಅಥವಾ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಒಂದೊಂದು ಲೀಟರಿನದು. ಮೊಸರಿಗೆಂದೇ ಒಂದು ಒಣ ಚಮಚ. ಕುದಿಸಿ ಆರಿಸಿದ ನೀರು. ಒಂದು ಫ್ರಿಜ್ ಥರ್ಮಾಮೀಟರ್. ದುಬಾರಿಯಲ್ಲ, ಆದರೆ ಹೆಚ್ಚಿನ ಮನೆಗಳಲ್ಲಿ ಇರುವುದಿಲ್ಲ. ದಿನಾಂಕ ಬರೆಯಲು ಟೇಪು, ಪೆನ್ನು. ಮನೆಯಲ್ಲಿ ಮಾಡಿ ಮಾರುವವರಾದರೆ 4ರಿಂದ 5ರ ನಡುವಿನ ಅಂಕಿಗಳನ್ನು ಸ್ಪಷ್ಟವಾಗಿ ತೋರಿಸುವ ಪಿಎಚ್ ಪಟ್ಟಿಗಳನ್ನೂ ಇಟ್ಟುಕೊಳ್ಳಿ.

ಹಂತ 1: ಹಾಲು ಮತ್ತು ಹೆಪ್ಪು

ಹಾಲನ್ನು ಪೂರ್ತಿ ಉಕ್ಕಿಸಿ, ನಂತರ ಉರಿ ತಗ್ಗಿಸಿ ನಾಲ್ಕೈದು ನಿಮಿಷ ಕುದಿಸಿ. ಹಸಿ ಹಾಲಿನಲ್ಲಿ ಬ್ರುಸೆಲ್ಲಾದಂಥ ರೋಗಾಣುಗಳು ಇರಬಹುದು. ಹೆಪ್ಪು ಹಾಕಿದ ಮಾತ್ರಕ್ಕೆ ಅವು ಹೋಗುವುದಿಲ್ಲ. ನಾಟಿ ಹಾಲು, ಪರಿಚಯದವರ ಹಾಲು ಎಂಬ ವಿನಾಯಿತಿ ಇಲ್ಲಿಲ್ಲ. ಉಗುರುಬೆಚ್ಚಗೆ, ಅಂದರೆ 40ರಿಂದ 43 ಡಿಗ್ರಿ ಸೆಲ್ಸಿಯಸ್‌ಗೆ ಆರಿದ ಮೇಲೆ ಲೀಟರಿಗೆ ಒಂದೆರಡು ಚಮಚ ಹೆಪ್ಪು ಹಾಕಿ ಕದಡಿ. ಬೇಸಿಗೆಯಲ್ಲಿ 5ರಿಂದ 6 ಗಂಟೆಗೆ ಕೂರುತ್ತದೆ. ಕೂತ ಕೂಡಲೇ ಫ್ರಿಜ್‌ಗೆ ಇಡಿ. ರಾತ್ರಿ ಹತ್ತಕ್ಕೆ ಹೆಪ್ಪು ಹಾಕಿ ಮರುದಿನ ಮಧ್ಯಾಹ್ನದವರೆಗೆ ಕಟ್ಟೆಯ ಮೇಲೇ ಬಿಟ್ಟರೆ ಹುಳಿ ಏರುತ್ತಲೇ ಹೋಗುತ್ತದೆ.

ಇಲ್ಲಿ ಆಗುವ ದೊಡ್ಡ ತಪ್ಪೆಂದರೆ ಹಳೇ ಹಾಲನ್ನು "ಹೇಗಿದ್ದರೂ ಮೊಸರಿಗೆ ಆಯಿತು" ಎಂದು ಬಳಸುವುದು. ಮೂರು ನಾಲ್ಕು ದಿನ ಫ್ರಿಜ್‌ನಲ್ಲಿದ್ದ ಹಾಲಿನಲ್ಲಿ ತಂಪಿನಲ್ಲೂ ಬೆಳೆಯುವ ಬ್ಯಾಕ್ಟೀರಿಯಾಗಳು ಇರುತ್ತವೆ. ಕುದಿಸಿದರೆ ಅವು ಸಾಯುತ್ತವೆ, ಆದರೆ ಅವು ಬಿಟ್ಟ ಕಿಣ್ವಗಳು ಕುದಿತವನ್ನೂ ತಾಳಿಕೊಳ್ಳುತ್ತವೆ. ಕಿಣ್ವವೆಂದರೆ ಪ್ರೋಟೀನು, ಕೊಬ್ಬುಗಳನ್ನು ತುಂಡರಿಸುವ ಕತ್ತರಿ ಇದ್ದ ಹಾಗೆ. ಎರಡನೇ ದಿನಕ್ಕೆ ಮೊಸರು ಕಹಿಯಾಗುತ್ತದೆ, ಕಮಟು ಹೊಡೆಯುತ್ತದೆ. ಹೆಪ್ಪನ್ನು ಎಷ್ಟು ಬದಲಿಸಿದರೂ ಕಹಿ ಹೋಗುತ್ತಿಲ್ಲ ಎನ್ನುವವರು ಒಮ್ಮೆ ಹಾಲಿನ ವಯಸ್ಸನ್ನು ನೋಡಿ.

ಹೆಪ್ಪಿಗೆ ಬೇಕಾದಷ್ಟನ್ನು ಮೊದಲೇ, ಯಾರೂ ಚಮಚ ಹಾಕುವ ಮುಂಚೆ, ಪುಟ್ಟ ಬಟ್ಟಲಿಗೆ ತೆಗೆದಿಡಿ. ಊಟದ ಪಂಕ್ತಿಯಲ್ಲಿ ಓಡಾಡಿ ಬಂದ ಪಾತ್ರೆಯ ತಳದ ಮೊಸರು ಹೆಪ್ಪಿಗೆ ಬೇಡ. ಊರಿಗೆ ಹೋಗುವಾಗ ಐಸ್ ಟ್ರೇಯಲ್ಲಿ ಒಂದೊಂದು ಚಮಚ ಮೊಸರು ಹಾಕಿ ಫ್ರೀಜರ್‌ನಲ್ಲಿಟ್ಟರೆ ಒಂದು ತಿಂಗಳವರೆಗೆ ಹೆಪ್ಪಿಗೆ ಬರುತ್ತದೆ. ಕುಡಿಯುವ ಮಜ್ಜಿಗೆಯನ್ನು ಮಾತ್ರ ಫ್ರೀಜ್ ಮಾಡಬೇಡಿ; ಕರಗಿದಾಗ ಪ್ರೋಟೀನು ರವೆ ರವೆಯಾಗಿ ನೀರು ಬೇರ್ಪಡುತ್ತದೆ. ಅದು ಅಪಾಯವಲ್ಲ, ಆದರೆ ಕುಡಿಯಲು ಹಿತವಿಲ್ಲ.

ಹಂತ 2: ಪಾತ್ರೆ

ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಗಳಲ್ಲಿ ಮಜ್ಜಿಗೆ ಇಡಲೇಬೇಡಿ. ಆಮ್ಲ ತಾಮ್ರವನ್ನು ಕರಗಿಸುತ್ತದೆ. ಹಸಿರು ಕಿಲುಬು ಕಣ್ಣಿಗೆ ಬೀಳುವ ಮೊದಲೇ ಮಜ್ಜಿಗೆಗೆ ಲೋಹದ ರುಚಿ ಬಂದಿರುತ್ತದೆ. ಕುಡಿದವರಿಗೆ ಹೊಟ್ಟೆ ತೊಳಸಿ ವಾಂತಿಯಾಗುತ್ತದೆ. ತಾಮ್ರದ ಚೊಂಬಿನಲ್ಲಿ ನೀರು ಒಳ್ಳೆಯದೆಂದು ಕೇಳಿ ಮಜ್ಜಿಗೆಯನ್ನೂ ಅದರಲ್ಲೇ ತುಂಬುವವರು ಇದ್ದಾರೆ, ಅದಕ್ಕೇ ಒತ್ತಿ ಹೇಳಿದ್ದು. ಅಲ್ಯುಮಿನಿಯಂ ಕೂಡ ಬೇಡ.

ಮಣ್ಣಿನ ಕುಡಿಕೆ ಚೆಂದ. ಗೋಡೆಯಿಂದ ಒಸರುವ ನೀರು ಆವಿಯಾಗುವಾಗ ಒಳಗಿನದು ತಂಪಾಗುತ್ತದೆ. ಆದರೆ ಗಾಳಿ ಒಣಗಿದ್ದರಷ್ಟೇ ಇದು ನಡೆಯುತ್ತದೆ. ಕಲಬುರಗಿ, ರಾಯಚೂರಿನ ಬಿಸಿಲಲ್ಲಿ ಕುಡಿಕೆ ತಣ್ಣಗಿರುತ್ತದೆ. ಮಂಗಳೂರಿನ ಮೇ ತಿಂಗಳ ಸೆಕೆಯಲ್ಲಿ ಅದು ಬರೀ ಪಾತ್ರೆ. ಅಲ್ಲದೆ ಎಷ್ಟೇ ತಂಪಾದರೂ ಅದು ಫ್ರಿಜ್‌ನ 5 ಡಿಗ್ರಿಗೆ ಇಳಿಯುವುದಿಲ್ಲ. ಮಣ್ಣಿನ ಸಣ್ಣ ರಂಧ್ರಗಳಲ್ಲಿ ಹಳೇ ಮಜ್ಜಿಗೆ ಕೂತಿರುತ್ತದೆ. ಪ್ರತಿ ಸಲ ಬಿಸಿನೀರಲ್ಲಿ ನೆನೆಸಿ, ತೆಂಗಿನ ನಾರಿನಿಂದ ಉಜ್ಜಿ, ಇಡೀ ದಿನ ಬಿಸಿಲಿಗೆ ಇಟ್ಟ ಮೇಲೇ ಮತ್ತೆ ಬಳಸಿ. ಖಾಲಿ ಕುಡಿಕೆಯನ್ನು ಮೂಸಿದಾಗ ಹುಳಿ ವಾಸನೆ ಉಳಿದಿದ್ದರೆ ಇನ್ನೊಂದು ದಿನ ಬಿಸಿಲು ಬೇಕು.

ತೊಳೆಯುವ ಕ್ರಮ ಹೀಗೆ. ಮೊದಲು ತಣ್ಣೀರಿನಲ್ಲಿ ಗಲಬರಿಸಿ. ಒಮ್ಮೆಗೇ ಬಿಸಿನೀರು ಸುರಿದರೆ ಹಾಲಿನ ಪ್ರೋಟೀನು ಬೆಂದು ಗೋಡೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಬಿಸಿನೀರು, ಸೋಪು, ಬ್ರಷ್. ಮುಚ್ಚಳದ ರಬ್ಬರ್ ರಿಂಗನ್ನು ಬಿಚ್ಚಿ ಬೇರೆಯಾಗಿ ತೊಳೆಯಿರಿ. ಬಾಟಲಿ ಎಷ್ಟೇ ಹೊಳೆಯುತ್ತಿದ್ದರೂ ಆ ರಿಂಗಿನ ಹಿಂದೆ ಹಳದಿ ಜಿಡ್ಡು ಕೂತಿರುತ್ತದೆ, ಬೂಷ್ಟು ಶುರುವಾಗುವುದು ಅಲ್ಲಿಂದಲೇ. ಕಡೆಗೋಲಿನ ಹಲ್ಲುಗಳ ಸಂದಿಗೂ ಇದೇ ಮಾತು. ಕೊನೆಗೆ ಬೋರಲು ಹಾಕಿ ಪೂರ್ತಿ ಒಣಗಿಸಿ. ನೀರಿನ ಹಳೇ ಪ್ಲಾಸ್ಟಿಕ್ ಬಾಟಲಿಗಳ ಬಾಯಿ ಕಿರಿದು, ಒಳಗೆ ಬ್ರಷ್ ಹೋಗುವುದಿಲ್ಲ. ಮಜ್ಜಿಗೆಗೆ ಅವು ಬೇಡ.

ಹಂತ 3: ನೀರು ಬೆರೆಸುವುದು

ಎಲ್ಲ ಮೊಸರನ್ನೂ ಒಮ್ಮೆಗೇ ಮಜ್ಜಿಗೆ ಮಾಡಬೇಡಿ. ಮೊಸರನ್ನು ಮೊಸರಾಗಿಯೇ ಇಟ್ಟು, ಆ ಹೊತ್ತಿಗೆ ಬೇಕಾದಷ್ಟನ್ನು ಕಡೆಯಿರಿ. ಇಡೀ ಲೇಖನದಲ್ಲಿ ಒಂದೇ ಒಂದು ಅಭ್ಯಾಸ ಬದಲಿಸಿಕೊಳ್ಳುವುದಾದರೆ ಇದನ್ನೇ ಬದಲಿಸಿಕೊಳ್ಳಿ.

ಒಂದು ಅಳತೆ ಮೊಸರಿಗೆ ಒಂದು ಅಳತೆ ನೀರು ಹಾಕಿದರೆ ಗಟ್ಟಿ ಮಜ್ಜಿಗೆ, ಮೂರು ಹಾಕಿದರೆ ನೀರು ಮಜ್ಜಿಗೆ. ನೀರು ಕುದಿಸಿ ಆರಿಸಿದ್ದಾಗಿರಲಿ, ಇಲ್ಲವೇ ಫಿಲ್ಟರಿನದು. ಬೋರ್‌ವೆಲ್, ಟ್ಯಾಂಕರ್, ಸಂಪಿನ ನೀರನ್ನು ನೇರವಾಗಿ ಹಾಕಬೇಡಿ. ನೀರನ್ನೂ ಫ್ರಿಜ್‌ನಲ್ಲಿಟ್ಟು ತಂಪು ಮಾಡಿಕೊಳ್ಳಿ. 5 ಡಿಗ್ರಿಯ ಮೊಸರಿಗೆ 30 ಡಿಗ್ರಿಯ ನೀರನ್ನು ಮೂರು ಪಟ್ಟು ಸುರಿದರೆ ಮಜ್ಜಿಗೆ 24 ಡಿಗ್ರಿಯ ಹತ್ತಿರ ಬಂದು ನಿಲ್ಲುತ್ತದೆ. ಆಮೇಲೆ ಅದನ್ನು ಫ್ರಿಜ್‌ಗೆ ಸೇರಿಸಿದರೂ ತಣಿಯಲು ಗಂಟೆಗಟ್ಟಲೆ ಬೇಕು.

ಉಪ್ಪು ಹಾಕಿಟ್ಟರೆ ಕೆಡುವುದಿಲ್ಲ ಎಂಬ ನಂಬಿಕೆ ಬಹಳ ಕಡೆ ಇದೆ. ಲೀಟರಿಗೆ ಒಂದು ಚಮಚ ಉಪ್ಪೆಂದರೆ ನೂರಕ್ಕೆ ಅರ್ಧ ಭಾಗ. ಕೆಡದಂತೆ ಕಾಯುವಷ್ಟು ಉಪ್ಪು ಹಾಕಿದರೆ ಅದನ್ನು ಕುಡಿಯಲಾಗುವುದಿಲ್ಲ. ಇಂಗು, ಮೆಣಸುಗಳ ಕತೆಯೂ ಇಷ್ಟೇ. ರುಚಿಗೆ ಹಾಕಿ, ಕಾವಲಿಗೆ ನಂಬಬೇಡಿ.

ಹಂತ 4: ಫ್ರಿಜ್‌ನಲ್ಲಿ ಎಲ್ಲಿ, ಎಷ್ಟು ದಿನ

ಬಾಗಿಲಿನ ಬಾಟಲಿ ಅರೆ ಫ್ರಿಜ್‌ನ ಅತಿ ಬೆಚ್ಚಗಿನ ಜಾಗ. ಮಕ್ಕಳು ಬಾಗಿಲು ತೆಗೆದು ಹಾಕಿದಾಗೆಲ್ಲ ಅದಕ್ಕೆ ಹೊರಗಿನ ಗಾಳಿ ತಗಲುತ್ತದೆ. ಮಜ್ಜಿಗೆ, ಲಸ್ಸಿಗಳನ್ನು ಒಳಗಿನ ತಟ್ಟೆಯಲ್ಲಿ, ಹಿಂಬದಿಗೆ ಇಡಿ. ಒಂದು ಲೋಟ ನೀರಲ್ಲಿ ಥರ್ಮಾಮೀಟರ್ ಅದ್ದಿ ರಾತ್ರಿಯಿಡೀ ಅಲ್ಲೇ ಬಿಟ್ಟು ಬೆಳಿಗ್ಗೆ ಮೊದಲ ಸಲ ಬಾಗಿಲು ತೆಗೆದಾಗ ಓದಿ. 5 ಡಿಗ್ರಿ ಅಥವಾ ಕಡಿಮೆ ಇರಬೇಕು. 8, 10 ತೋರಿಸಿದರೆ ಗುಂಡಿ ತಿರುಗಿಸಿ, ಕಿಕ್ಕಿರಿದ ಸಾಮಾನು ಕಡಿಮೆ ಮಾಡಿ, ಬಾಗಿಲಿನ ರಬ್ಬರ್ ಸಡಿಲವಾಗಿದೆಯೇ ನೋಡಿ. ಐದು ಲೀಟರ್ ಪಾತ್ರೆಯನ್ನು ಹಾಗೇ ಇಡುವುದಕ್ಕಿಂತ ಒಂದು ಲೀಟರಿನ ಐದು ಡಬ್ಬಿ ಮಾಡಿದರೆ ಬೇಗ ತಣಿಯುತ್ತದೆ, ಒಂದು ತೆರೆದರೂ ಉಳಿದ ನಾಲ್ಕು ಮುಚ್ಚಿಯೇ ಇರುತ್ತವೆ.

5 ಡಿಗ್ರಿಯಲ್ಲಿ ಮನೆಯ ತಯಾರಿಗೆ ನಾವು ಹೇಳುವ ಗಡುವು:

ಮೊಸರು, ಕೈ ಹಾಕದೆ ಇಟ್ಟದ್ದು: 5ರಿಂದ 7 ದಿನ.
ನೀರು ಕಡಿಮೆ ಹಾಕಿದ ಸಪ್ಪೆ ಮಜ್ಜಿಗೆ: 3 ದಿನ.
ನೀರು ಮಜ್ಜಿಗೆ: 2 ದಿನ.
ಒಗ್ಗರಣೆ, ಹಸಿ ಸೊಪ್ಪು ಬಿದ್ದ ಮಸಾಲೆ ಮಜ್ಜಿಗೆ: 24 ಗಂಟೆ.
ಸಕ್ಕರೆ ಹಾಕಿದ ಲಸ್ಸಿ: 24ರಿಂದ 36 ಗಂಟೆ.
ಮಾವು, ಬಾಳೆ ಬೆರೆಸಿದ ಲಸ್ಸಿ: ಅದೇ ದಿನ.

ಫ್ರಿಜ್ ಹುಳಿಯನ್ನು ನಿಲ್ಲಿಸುವುದಿಲ್ಲ, ನಿಧಾನ ಮಾಡುತ್ತದೆ ಅಷ್ಟೇ. ಮೂರನೇ ದಿನದ ಮಜ್ಜಿಗೆ ಮೊದಲನೇ ದಿನದ್ದಕ್ಕಿಂತ ಹುಳಿಯಿದ್ದರೆ ಗಾಬರಿ ಬೇಡ.

ಕರೆಂಟ್ ಹೋದರೆ ಬಾಗಿಲು ತೆಗೆಯಬೇಡಿ. ಮುಚ್ಚಿದ ಫ್ರಿಜ್ ಸುಮಾರು 4 ಗಂಟೆ ತಂಪು ಹಿಡಿದಿಡುತ್ತದೆ. ಅದಕ್ಕೂ ಮೀರಿದರೆ ಮಸಾಲೆ ಮಜ್ಜಿಗೆ, ಹಣ್ಣಿನ ಲಸ್ಸಿ ಚೆಲ್ಲಿ. ಸಪ್ಪೆ ಮೊಸರು ಹುಳಿಯಾಗಿರುತ್ತದೆ, ಕೆಟ್ಟ ಲಕ್ಷಣಗಳಿಲ್ಲದಿದ್ದರೆ ಅಂದೇ ಅಡುಗೆಗೆ ಬಳಸಿ.

ಹಂತ 5: ಮಸಾಲೆ, ಸಕ್ಕರೆ, ಹಣ್ಣು ಯಾವಾಗ

ಲೋಟಕ್ಕೆ ಬಗ್ಗಿಸುವ ಮುಂಚೆ. ಹಿಂದಿನ ರಾತ್ರಿ ಅಲ್ಲ.

ಕೊತ್ತಂಬರಿ ನೆಲದ ಸಂಪರ್ಕದಲ್ಲಿ ಬೆಳೆದದ್ದು; ಕರಿಬೇವು, ಹಸಿಮೆಣಸೂ ಅದರ ಹಾಗೆಯೇ ಸಂತೆಯಲ್ಲಿ ನೀರು ಚಿಮುಕಿಸಿಕೊಂಡು ಬಂದವು. ಎರಡು ಮೂರು ಸಲ ತೊಳೆದರೂ ಪೂರ್ತಿ ಶುದ್ಧವಾಗುವುದಿಲ್ಲ. ಒಗ್ಗರಣೆಯ ಬಿಸಿ ಎಣ್ಣೆಗೆ ಕರಿಬೇವು, ಮೆಣಸು ಹಾಕುವುದು ರುಚಿಗೆ ಮಾತ್ರವಲ್ಲ, ಸುರಕ್ಷತೆಗೂ ಒಳ್ಳೆಯದು. ಹುರಿದ ಜೀರಿಗೆ ಪುಡಿ, ಇಂಗು, ಉಪ್ಪು ಒಣಗಿರುವುದರಿಂದ ಇವನ್ನು ಬೇಕಿದ್ದರೆ ಮೊದಲೇ ಹಾಕಿಡಬಹುದು.

ಹಸಿಶುಂಠಿಯದು ಬೇರೆಯೇ ತಂಟೆ. ಅದರಲ್ಲಿ ಹಾಲಿನ ಪ್ರೋಟೀನನ್ನು ಒಡೆಯುವ ಕಿಣ್ವವಿದೆ. ಜಜ್ಜಿದ ಶುಂಠಿಯನ್ನು ಮಜ್ಜಿಗೆಯಲ್ಲಿ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಕಹಿ. ಪಪ್ಪಾಯಿ, ಅನಾನಸ್ ಲಸ್ಸಿ ಬೇಗ ಕಹಿಯಾಗುವುದಕ್ಕೂ ಇದೇ ಕಾರಣ. ಇದು ಕೆಟ್ಟು ಬಂದ ಕಹಿಯಲ್ಲ, ಆದರೆ ನಾಲಿಗೆಗೆ ಎರಡರ ನಡುವಿನ ವ್ಯತ್ಯಾಸ ತಿಳಿಯುವುದಿಲ್ಲ, ಗೊಂದಲವೇ ಬೇಡ. ಅನಾನಸನ್ನು ಸಕ್ಕರೆಯೊಂದಿಗೆ ಕುದಿಸಿ ಆರಿಸಿ ಬೆರೆಸಿದರೆ ಕಿಣ್ವ ಸತ್ತಿರುತ್ತದೆ.

ಸಿಹಿ ಲಸ್ಸಿ ಮೊದಲು ಬುಸುಗುಡುವುದೇಕೆಂದರೆ, ಅನೇಕ ಯೀಸ್ಟ್‌ಗಳಿಗೆ ಹಾಲಿನ ಸಕ್ಕರೆ ಅರಗುವುದಿಲ್ಲ, ನಾವು ಹಾಕುವ ಸಕ್ಕರೆ ಬಲು ಇಷ್ಟ. ಅದನ್ನು ತಿಂದು ಗ್ಯಾಸನ್ನೂ ಒಂದಿಷ್ಟು ಮದ್ಯಸಾರವನ್ನೂ ಬಿಡುತ್ತವೆ. ಸಕ್ಕರೆಯನ್ನು ಕುಡಿಯುವ ಹೊತ್ತಿಗೇ ಹಾಕಿ.

ಹಂತ 6: ಹೊರಗೆ ಒಯ್ಯುವಾಗ

ಕಟ್ಟೆಯ ಮೇಲೆ, ಬ್ಯಾಗಿನಲ್ಲಿ ಒಟ್ಟು 2 ಗಂಟೆ. ಹೊರಗೆ 32 ಡಿಗ್ರಿ ದಾಟಿದ್ದರೆ 1 ಗಂಟೆ. ಬೆಂದ ಅಡುಗೆ, ಹಾಲಿನ ಪದಾರ್ಥಗಳಿಗೆ ಸಾಮಾನ್ಯವಾಗಿ ಹೇಳುವ ಗಡುವು ಇದು. ಸಪ್ಪೆ ಮಜ್ಜಿಗೆಗೆ ಹುಳಿಯ ಕಾವಲು ಇರುವುದರಿಂದ ಸ್ವಲ್ಪ ಸಡಿಲಿಸಬಹುದಾದರೂ ಮಸಾಲೆಯದಕ್ಕೆ ಸಡಿಲಿಸಬೇಡಿ. "ಒಟ್ಟು" ಎಂಬ ಮಾತನ್ನು ಗಮನಿಸಿ: ಬೆಳಿಗ್ಗೆ ಅರ್ಧ ಗಂಟೆ, ಮಧ್ಯಾಹ್ನ ಒಂದು ಗಂಟೆ ಹೊರಗಿದ್ದರೆ ಲೆಕ್ಕ ಒಂದೂವರೆ. ಮತ್ತೆ ಫ್ರಿಜ್‌ಗೆ ಇಟ್ಟ ಮಾತ್ರಕ್ಕೆ ಲೆಕ್ಕ ಸೊನ್ನೆಯಾಗುವುದಿಲ್ಲ.

ಸ್ಟೀಲ್ ಫ್ಲಾಸ್ಕ್ ತಂಪನ್ನು ಹಿಡಿದಿಡುತ್ತದೆ, ಹುಟ್ಟಿಸುವುದಿಲ್ಲ. ಉಗುರುಬೆಚ್ಚಗಿನ ಮಜ್ಜಿಗೆ ತುಂಬಿದರೆ ಫ್ಲಾಸ್ಕ್ ಅದೇ ಬೆಚ್ಚಗನ್ನು ಮಧ್ಯಾಹ್ನದವರೆಗೆ ಕಾಪಾಡುತ್ತದೆ, ಮೊಸರಿಗೆ ಕಾವು ಕೊಟ್ಟ ಹಾಗೆ. ಐಸ್‌ನೀರು ಹಾಕಿ ಹತ್ತು ನಿಮಿಷ ಫ್ಲಾಸ್ಕನ್ನು ತಣಿಸಿ, ಚೆಲ್ಲಿ, ಫ್ರಿಜ್‌ನಿಂದ ತೆಗೆದ ಮಜ್ಜಿಗೆ ತುಂಬಿ. ಕತ್ತಿನವರೆಗೆ ತುಂಬಬೇಡಿ, ಎರಡು ಬೆರಳು ಜಾಗ ಬಿಡಿ. ಮಕ್ಕಳ ಶಾಲೆಯ ಬಾಟಲಿಯಲ್ಲಿ ಉಳಿದು ಸಂಜೆ ವಾಪಸಾದದ್ದನ್ನು ಹಾಗೇ ಚೆಲ್ಲಿ; ಬಾಯಿಟ್ಟು ಕುಡಿದ ಬಾಟಲಿ ಅದು.

ಕೆನೆ ಕೂಡಿಟ್ಟು ಬೆಣ್ಣೆ ತೆಗೆಯುವವರಿಗೆ

ಕಹಿ ಮಜ್ಜಿಗೆಯ ದೂರುಗಳಲ್ಲಿ ಹೆಚ್ಚಿನವು ಈ ಮನೆಗಳಿಂದಲೇ ಬರುತ್ತವೆ. ದಿನಾ ಹಾಲಿನ ಕೆನೆ ತೆಗೆದು, ಹೆಪ್ಪು ಹಾಕಿದ ಡಬ್ಬಿಗೆ ಸೇರಿಸುತ್ತಾ ಹೋಗಿ, ಎಂಟು ಹತ್ತು ದಿನಕ್ಕೊಮ್ಮೆ ಕಡೆಯುವುದು ವಾಡಿಕೆ. ಬೆಣ್ಣೆ ತೇಲಿ ಬರುತ್ತದೆ, ತುಪ್ಪ ಕಾಯಿಸಿದಾಗ ಘಮ್ಮೆನ್ನುತ್ತದೆ, ಏನೂ ತೊಂದರೆ ಕಾಣುವುದಿಲ್ಲ. ಉಳಿದ ಮಜ್ಜಿಗೆಯನ್ನು ಇವತ್ತು ಕಡೆದದ್ದು ಎಂದು ಕುಡಿಯುತ್ತೇವೆ. ನಿಜದಲ್ಲಿ ಅದರ ವಯಸ್ಸು ಡಬ್ಬಿಗೆ ಬಿದ್ದ ಮೊದಲ ಕೆನೆಯ ವಯಸ್ಸು, ಹತ್ತು ದಿನ. ಅಷ್ಟು ದಿನ ದಿನಕ್ಕೊಮ್ಮೆ ಮುಚ್ಚಳ ತೆಗೆದು, ಚಮಚ ಹಾಕಿ, ಕೆಲವು ಸಲ ಬಿಸಿ ಕೆನೆಯನ್ನೇ ಸುರಿದು, ಮತ್ತೆ ಮುಚ್ಚಿದ್ದೇವೆ. ಮೇಲ್ಪದರದಲ್ಲಿ ಯೀಸ್ಟು, ಬಿಳಿ ಬೂಷ್ಟು ಬರಲು ಇದಕ್ಕಿಂತ ಅನುಕೂಲ ಬೇಡ. ಡಬ್ಬಿ ತೆರೆದಾಗ ಕೆನೆಯ ಮೇಲೆ ಸುಕ್ಕು ಸುಕ್ಕಾದ, ಮಖಮಲ್ಲಿನಂಥ ಬಿಳಿ ಹೊದಿಕೆ ಕಂಡರೆ ಅದು ಕೆನೆಯ ಪದರವಲ್ಲ, ಬೂಷ್ಟು.

ಬದಲಿ ದಾರಿ ಸುಲಭ. ಕೆನೆಯನ್ನು ಹೆಪ್ಪಿಲ್ಲದೆ, ಆರಿದ ಮೇಲೆ, ಫ್ರೀಜರ್‌ನಲ್ಲಿ ಕೂಡಿಡಿ. ಬೇಕಾದಷ್ಟು ಸೇರಿದ ಮೇಲೆ ಹಿಂದಿನ ಸಂಜೆ ಕೆಳಗಿಳಿಸಿ, ಕರಗಿಸಿ, ಒಮ್ಮೆ ಕಾಯಿಸಿ ಉಗುರುಬೆಚ್ಚಗೆ ಆರಿಸಿ, ಅರ್ಧ ಲೀಟರಿಗೆ ಒಂದು ದೊಡ್ಡ ಚಮಚ ಹೊಸ ಹೆಪ್ಪು ಹಾಕಿ. ಬೆಳಿಗ್ಗೆ ಕೂತಿರುತ್ತದೆ. ಒಂದೆರಡು ಗಂಟೆ ಫ್ರಿಜ್‌ನಲ್ಲಿಟ್ಟು, ತಣ್ಣೀರು ಸೇರಿಸಿ ಕಡೆಯಿರಿ. ಬೆಣ್ಣೆ ಗಟ್ಟಿಯಾಗಿ ಒಟ್ಟುಗೂಡುತ್ತದೆ. ಈಗ ಸಿಗುವ ಮಜ್ಜಿಗೆ ನಿಜಕ್ಕೂ ಒಂದು ದಿನದ್ದು, ಕುಡಿಯಲು ಯೋಗ್ಯ. ಹಳೇ ಕ್ರಮವನ್ನೇ ಬಿಡಲಾರೆವು ಎನ್ನುವವರು ಬೆಣ್ಣೆ ಕಾಯಿಸಿ ತುಪ್ಪ ಮಾಡಿಕೊಳ್ಳಿ, ಮಜ್ಜಿಗೆಯ ಆಸೆ ಬಿಡಿ. ಬೂಷ್ಟು ಕಂಡ ಡಬ್ಬಿಯಾದರೆ ಬೆಣ್ಣೆಯನ್ನೂ ಬಿಡಿ.

ಅಂಗಡಿಯ ಪ್ಯಾಕೆಟ್

ಎರಡು ಬಗೆ ಇವೆ. ನಂದಿನಿಯಂಥ ಡೇರಿಗಳ ಪ್ಲಾಸ್ಟಿಕ್ ಪ್ಯಾಕೆಟ್ ಮಜ್ಜಿಗೆ ತಂಪಿನಲ್ಲೇ ಬಂದು ತಂಪಿನಲ್ಲೇ ಇರಬೇಕು. ಅಂಗಡಿಯ ಮುಂದೆ ಬಿಸಿಲಿಗೆ ಇಟ್ಟ ಕ್ರೇಟಿನಿಂದ ತೆಗೆದುಕೊಳ್ಳಬೇಡಿ, ದಿನಾಂಕ ಇವತ್ತಿನದೇ ಆಗಿದ್ದರೂ. ಟೆಟ್ರಾ ಪ್ಯಾಕಿನವು ಹುದುಗಿಸಿದ ಮೇಲೆ ಮತ್ತೆ ಕಾಯಿಸಿ ತುಂಬಿದವು. ಪೊಟ್ಟಣದ ಮೇಲೆ ಹಾಗೆ ಬರೆದಿದ್ದರೆ ತೆರೆಯುವವರೆಗೆ ಫ್ರಿಜ್ ಬೇಕಿಲ್ಲ. ಅವುಗಳಲ್ಲಿ ಜೀವಂತ ಬ್ಯಾಕ್ಟೀರಿಯಾ ಇಲ್ಲದ್ದರಿಂದ ಹೆಪ್ಪಿಗೂ ಬರುವುದಿಲ್ಲ. ತೆರೆದ ಮೇಲೆ ಎರಡಕ್ಕೂ ಒಂದೇ ನಿಯಮ: ಫ್ರಿಜ್, ಮರುದಿನದೊಳಗೆ ಖಾಲಿ.

"ಯೂಸ್ ಬೈ" ದಿನಾಂಕ ದಾಟಿದ್ದನ್ನು ಕುಡಿಯಬೇಡಿ. "ಬೆಸ್ಟ್ ಬಿಫೋರ್" ಎಂದರೆ ರುಚಿ, ಗುಣ ಚೆನ್ನಾಗಿರುವ ಗಡುವು. ಎರಡೂ ಲೆಕ್ಕಗಳು ಪ್ಯಾಕೆಟ್ ತೆರೆಯದೆ, ಬರೆದ ಉಷ್ಣತೆಯಲ್ಲಿ ಇಟ್ಟಾಗಿನವು. ಡೋಲಿನಂತೆ ಬಿಗಿದು ಉಬ್ಬಿದ ಪ್ಯಾಕೆಟನ್ನು ದಿನಾಂಕ ನೋಡದೆ ವಾಪಸು ಕೊಡಿ.

ಹೊರದೇಶದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಅಲ್ಲಿನ ಅಂಗಡಿಗಳ ಬಟರ್‌ಮಿಲ್ಕ್ ಸಾಮಾನ್ಯವಾಗಿ ಬೆಣ್ಣೆ ತೆಗೆದ ಮಜ್ಜಿಗೆಯಲ್ಲ, ಕೆನೆ ಕಡಿಮೆಯಿರುವ ಹಾಲಿಗೆ ಬ್ಯಾಕ್ಟೀರಿಯಾ ಹಾಕಿ ಹುದುಗಿಸಿದ ಗಟ್ಟಿ ಪಾನೀಯ. ನೀರು ಹಾಕಿದರೆ ಹೆಚ್ಚುಕಡಿಮೆ ನಮ್ಮ ಮಜ್ಜಿಗೆಯಾಗುತ್ತದೆ. ಕೆಫಿರ್ ಎಂಬ ಹುದುಗಿಸಿದ ಹಾಲಿನ ಪಾನೀಯದಲ್ಲಿ ಯೀಸ್ಟೂ ಸೇರಿರುವುದರಿಂದ ಒಂದಿಷ್ಟು ಗುಳ್ಳೆ, ಜುಮುಜುಮು ಸಹಜ. ಮಜ್ಜಿಗೆಗೆ ಕೆಟ್ಟ ಲಕ್ಷಣವಾದದ್ದು ಅದರಲ್ಲಿ ಸ್ವಭಾವ. ಮನೆಯಲ್ಲಿ ಕೆಫಿರ್ ಮಾಡುವವರು ಗಾಜಿನ ಬಾಟಲಿಯನ್ನು ಬಿಗಿಯಾಗಿ ಮುಚ್ಚಿ ಹೊರಗೆ ಬಿಡಬೇಡಿ, ಒತ್ತಡಕ್ಕೆ ಒಡೆದೀತು.

ಪರೀಕ್ಷೆ: ಕಣ್ಣು, ಮೂಗು, ಕೊನೆಗೆ ನಾಲಿಗೆ

ಕ್ರಮ ತಪ್ಪಿಸಬೇಡಿ. ಮೊದಲೇ ರುಚಿ ನೋಡುವವರು ಕಣ್ಣಿಗೆ ಕಾಣುತ್ತಿದ್ದ ಬೂಷ್ಟನ್ನು ನುಂಗಿರುತ್ತಾರೆ.

ಒಂದು. ಡಬ್ಬಿಯನ್ನು ಅಲುಗಾಡಿಸದೆ ಬೆಳಕಿಗೆ ಹಿಡಿಯಿರಿ. ತಳದಲ್ಲಿ ಬಿಳಿ, ಮೇಲೆ ತುಸು ಹಸಿರು ಮಿಶ್ರಿತ ಹಳದಿ ತಿಳಿ ನಿಂತಿದ್ದರೆ ಅದು ಸಹಜ. ಕೇಸಿನ್ ಕೆಳಗೆ ಕೂತಿದೆ, ಆ ಬಣ್ಣ ಹಾಲಿನಲ್ಲಿರುವ ರೈಬೋಫ್ಲೇವಿನ್ ಎಂಬ ವಿಟಮಿನ್‌ನದು. ಕದಡಿದರೆ ಸೇರಿಕೊಳ್ಳುತ್ತದೆ.

ಎರಡು. ಮೇಲ್ಮೈ ಮತ್ತು ಮುಚ್ಚಳದ ಒಳಬದಿ ನೋಡಿ. ಹಸಿರು, ನೀಲಿ, ಕಪ್ಪು ಚುಕ್ಕೆ, ಬಿಳಿ ಹತ್ತಿಯಂಥದ್ದು, ಗುಲಾಬಿ ಅಥವಾ ಕಿತ್ತಳೆ ಛಾಯೆ ಇದ್ದರೆ ಪೂರ್ತಿ ಚೆಲ್ಲಿ. ಮೇಲಿನದನ್ನು ತೆಗೆದು ಕೆಳಗಿನದನ್ನು ಬಳಸುವ ಉಪಾಯ ನೀರಾದ ಪದಾರ್ಥಕ್ಕೆ ನಡೆಯುವುದಿಲ್ಲ. ಬೂಷ್ಟಿನ ಎಳೆಗಳೂ ಅದು ಬಿಡಬಹುದಾದ ವಿಷವೂ ಕಣ್ಣಿಗೆ ಕಾಣದೆ ಕೆಳಗಿಳಿದಿರುತ್ತವೆ.

ಮೂರು. ಗುಳ್ಳೆ. ಕಡೆದಾಗ ಬರುವ ನೊರೆ ಒಂದು ಗಂಟೆಯಲ್ಲಿ ಇಳಿಯುತ್ತದೆ. ಮರುದಿನವೂ ತಳದಿಂದ ಸಣ್ಣ ಗುಳ್ಳೆ ಏರುತ್ತಿದ್ದರೆ, ಮುಚ್ಚಳ ತೆಗೆದಾಗ ಬುಸ್ಸೆಂದರೆ, ಗಟ್ಟಿ ಮೊಸರಿನಲ್ಲಿ ಸ್ಪಂಜಿನಂಥ ತೂತುಗಳಿದ್ದರೆ ಒಳಗೆ ಗ್ಯಾಸ್ ಹುಟ್ಟಿದೆ. ಯೀಸ್ಟಿರಬಹುದು, ಇಲ್ಲವೇ ಕೊಳಕು ನೀರಿನಿಂದ ಬರುವ ಕೋಲಿಫಾರ್ಮ್ ಜಾತಿಯ ಬ್ಯಾಕ್ಟೀರಿಯಾ. ಯಾವುದೆಂದು ಮನೆಯಲ್ಲಿ ಹೇಳಲಾಗದು. ಚೆಲ್ಲಿ.

ನಾಲ್ಕು. ಮೂಸಿ. ಶುದ್ಧ ಹುಳಿ ವಾಸನೆ ಮೂಗಿಗೆ ಚುರುಕೆನಿಸುತ್ತದೆ, ಹೇಸಿಗೆ ಅನಿಸುವುದಿಲ್ಲ. ಹೆಂಡದ ವಾಸನೆ, ಸಗಣಿ ವಾಸನೆ, ಮುಗ್ಗುಲು, ಹಳೇ ಎಣ್ಣೆಯ ಕಮಟು, ಇವು ಯಾವುದಿದ್ದರೂ ಮುಂದಿನ ಹಂತಕ್ಕೆ ಹೋಗಬೇಡಿ.

ಐದು. ಚಮಚದಲ್ಲಿ ಎತ್ತಿ ಬಿಡಿ. ನೂಲಿನಂತೆ ಎಳೆ ಬಂದರೆ ಅದು ಲೋಳೆ. ಕೆಲವು ಒಳ್ಳೆಯ ಹೆಪ್ಪಿನ ಬ್ಯಾಕ್ಟೀರಿಯಾಗಳೂ ಲೋಳೆ ಮಾಡುತ್ತವೆ. ಅದರಲ್ಲೂ ಚಳಿಗಾಲದಲ್ಲಿ ಕಾವು ಸಾಲದೆ ಕೂತ ಮೊಸರಿನಲ್ಲಿ ಇದು ಸಾಮಾನ್ಯ. ಹೊಸ ಮೊಸರು, ವಾಸನೆ ಚೆನ್ನಾಗಿದೆ, ಲೋಳೆ ಮಾತ್ರ ಇದೆ ಎಂದಾದರೆ ಉಣ್ಣಬಹುದು, ಹೆಪ್ಪು ಮಾತ್ರ ಬದಲಿಸಿ. ಮೊನ್ನೆಯವರೆಗೆ ಸರಿಯಿದ್ದ ಮಜ್ಜಿಗೆ ಇವತ್ತು ಲೋಳೆಯಾಗಿದ್ದರೆ ಅದು ಬೇರೆ ವಿಷಯ, ಚೆಲ್ಲಿ.

ಆರು. ಇಷ್ಟೆಲ್ಲ ದಾಟಿದರೆ ಅರ್ಧ ಚಮಚ ರುಚಿ. ಹುಳಿ ಸರಿ. ಕಹಿ, ಸೋಪಿನ ರುಚಿ, ಲೋಹದ ರುಚಿ ಬಂದರೆ ಉಗುಳಿ.

ಈ ಆರೂ ದಾಟಿದ ಮಾತ್ರಕ್ಕೆ ನೂರಕ್ಕೆ ನೂರು ಸುರಕ್ಷಿತ ಅಂತಲ್ಲ. ರೋಗಾಣುಗಳು ಬಣ್ಣ, ವಾಸನೆ ಬದಲಿಸದೆಯೂ ಇರಬಲ್ಲವು. ಅದಕ್ಕೇ ಡಬ್ಬಿಯ ಮೇಲೆ ದಿನಾಂಕದ ಟೇಪು ಬೇಕು. ಗರ್ಭಿಣಿಯರು, ಪುಟ್ಟ ಮಕ್ಕಳು, ವಯಸ್ಸಾದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ಗಡುವು ಮುಗಿದದ್ದನ್ನು ಪರೀಕ್ಷೆ ಮಾಡಿಯೂ ಕೊಡಬೇಡಿ.

ಹುಳಿ ಹೆಚ್ಚಾಗಿದೆ, ಕೆಟ್ಟಿಲ್ಲ: ಏನು ಮಾಡಲಿ?

ಇದು ನಷ್ಟವಲ್ಲ, ಲಾಭ. ಮಜ್ಜಿಗೆ ಹುಳಿಗೆ, ಪಳದ್ಯಕ್ಕೆ, ದಿಢೀರ್ ರವೆ ದೋಸೆಗೆ ಹುಳಿ ಮಜ್ಜಿಗೆಯೇ ಬೇಕು. ಮಜ್ಜಿಗೆ ಮೆಣಸಿನಕಾಯಿ ನೆನೆಸಲೂ ಆಗುತ್ತದೆ. ಕಾಯಿಸುವಾಗ ಒಡೆಯದಿರಲು ಲೀಟರಿಗೆ ಒಂದು ದೊಡ್ಡ ಚಮಚ ಕಡಲೆಹಿಟ್ಟು ಕದಡಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ. ಆದರೆ ಕೆಟ್ಟ ಮಜ್ಜಿಗೆಯನ್ನು ಕುದಿಸಿ ಸರಿಪಡಿಸಲಾಗದು. ಬೂಷ್ಟಿನ ವಿಷವಾಗಲಿ, ಸ್ಟ್ಯಾಫ್ ಎಂಬ ಬ್ಯಾಕ್ಟೀರಿಯಾ ಬಿಡುವ ವಿಷವಾಗಲಿ ಕುದಿತಕ್ಕೆ ಜಗ್ಗುವುದಿಲ್ಲ.

ಕುಡಿದುಬಿಟ್ಟಿದ್ದೇನೆ

ಒಂದು ಗುಟುಕಿಗೆ ಹೆದರಬೇಕಿಲ್ಲ. ಮುಂದಿನ ಕೆಲವು ಗಂಟೆ ಗಮನಿಸಿ. ಸ್ಟ್ಯಾಫ್ ವಿಷವಾದರೆ ಸಾಮಾನ್ಯವಾಗಿ 1ರಿಂದ 6 ಗಂಟೆಯೊಳಗೆ ವಾಂತಿ ಶುರುವಾಗುತ್ತದೆ, ಬೇರೆ ಸೋಂಕುಗಳು ಒಂದೆರಡು ದಿನ ತೆಗೆದುಕೊಳ್ಳಬಹುದು. ಓಆರ್‌ಎಸ್ ಕೊಡಿ. ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎಲ್ಲ ಚಮಚವೂ ಮಟ್ಟಸ. ಮಲದಲ್ಲಿ ರಕ್ತ, ಜೋರು ಜ್ವರ, ನಿಲ್ಲದ ವಾಂತಿ, ಮೂತ್ರ ಕಡಿಮೆಯಾಗುವುದು ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಿ. ಮಕ್ಕಳು, ಗರ್ಭಿಣಿಯರಾದರೆ ಇಷ್ಟು ಕಾಯುವುದೂ ಬೇಡ.

ರಾಮನವಮಿಗೆ ನೂರು ಜನಕ್ಕೆ ಹಂಚುವುದಾದರೆ

ತಲಾ 200 ಮಿಲೀ ಅಂದರೆ 20 ಲೀಟರ್: ಮೊಸರು 5, ನೀರು 15, ಉಪ್ಪು 100 ಗ್ರಾಂ. ಹಿಂದಿನ ಸಂಜೆಯೇ ನೀರು ಕುದಿಸಿ ಮುಚ್ಚಿಡಿ, ಅಥವಾ ಸೀಲ್ ಒಡೆಯದ 20 ಲೀಟರ್ ಕ್ಯಾನ್ ತರಿಸಿ. ಮಾರುಕಟ್ಟೆಯ ಐಸ್ ಗಡ್ಡೆಯನ್ನು ಮಜ್ಜಿಗೆಯೊಳಗೆ ಹಾಕಬೇಡಿ. ಅದು ಕುಡಿಯುವ ನೀರಿನದೇ ಎಂಬ ಖಾತ್ರಿ ಇಲ್ಲ, ಗೋಣಿಚೀಲದಲ್ಲಿ ಸುತ್ತಿ ನೆಲದ ಮೇಲೆ ಎಳೆದು ತಂದದ್ದಂತೂ ಖಾತ್ರಿ. ಗಡ್ಡೆಯನ್ನು ದೊಡ್ಡ ಟಬ್ಬಿನಲ್ಲಿ ಒಡೆದು ಹಾಕಿ, ಮಜ್ಜಿಗೆ ಪಾತ್ರೆಯನ್ನು ಅದರಲ್ಲಿ ಕೂರಿಸಿ.

ಎಲ್ಲವನ್ನೂ ಒಮ್ಮೆಗೇ ಕಲಸಬೇಡಿ. 5 ಲೀಟರಿನ ನಾಲ್ಕು ಸುತ್ತು ಮಾಡಿ, ಒಂದು ಸುತ್ತು ಒಂದು ಗಂಟೆಯೊಳಗೆ ಮುಗಿಯಲಿ, ಉಳಿದ ಮೊಸರು ಫ್ರಿಜ್‌ನಲ್ಲೇ ಇರಲಿ. ತಳದಲ್ಲಿ ಉಳಿದದ್ದಕ್ಕೆ ಹೊಸದನ್ನು ಸುರಿಯುವುದು ಇಂಥ ಕಡೆ ಎಲ್ಲರೂ ಮಾಡುವ ತಪ್ಪು. ಹಳೆಯದು ಹೊಸದಕ್ಕೆ ಹೆಪ್ಪಿನಂತೆ ಕೆಲಸ ಮಾಡುತ್ತದೆ, ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ. ಎರಡು ಪಾತ್ರೆ ಇಟ್ಟುಕೊಂಡು ಅದಲುಬದಲು ಮಾಡಿ. ಉದ್ದ ಹಿಡಿಯ ಸೌಟಿನಲ್ಲಿ ಬಡಿಸಿ, ಲೋಟವನ್ನೇ ಪಾತ್ರೆಗೆ ಅದ್ದಲು ಬಿಡಬೇಡಿ. ಮಧ್ಯಾಹ್ನ ಉಳಿದದ್ದನ್ನು ಸಂಜೆಗೆಂದು ಎತ್ತಿಡುವುದು ಬೇಡ. ಉಪ್ಪು ಬಿದ್ದಿರುವುದರಿಂದ ಕರಿಬೇವಿನ ಗಿಡದ ಬುಡಕ್ಕೂ ಬೇಡ.